ಫ್ರೆಂಚ್ ಕಲಿಯಲು ಇಂಗ್ಲಿಷಿನ ಹಂಗು ಯಾಕೆ?

ಕಾಲೇಜು ಪ್ರವೇಶದ ದಿನಗಳು ಬಂದರೆ ಗಡಹಿಂಗ್ಲಜ, ಇಚಲಕರಂಜಿ ಕಡೆಯ ಮಕ್ಕಳು ನನ್ನನ್ನು ಹುಡುಕಿಕೊಂಡು ಬಂದು ಕೇಳುವುದು ಒಂದೇ ಪ್ರಶ್ನೆ: “ಮ್ಯಾಡಮ್, ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟ. ನಮಗ ಫ್ರೆಂಚ್ ಬರ್ತದೇನ್ರಿ?” ಇಂಗ್ಲಿಷ್ ಬಾರದವರಿಗೆ ಫ್ರೆಂಚ್ ಬಾರದು ಎಂಬ ಅಂಜಿಕೆಯನ್ನು ಈ ಮಕ್ಕಳ ತಲೆಯಲ್ಲಿ ತುಂಬಿದವರು ಭಾಷೆ ಕಲಿಸುವ ನಾವೇ. ಅದನ್ನು ತೆಗೆಯಬೇಕಾದವರೂ ನಾವೇ.

ನಾನು ಮಹಾರಾಷ್ಟ್ರದ ಗಡಿಭಾಗದ ಗಡಹಿಂಗ್ಲಜ ತಾಲ್ಲೂಕಿನವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ನಾನು ಫ್ರೆಂಚ್ ಕಲಿತ ತರಗತಿ ಪೂರ್ತಿ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಫ್ರೆಂಚಿನಲ್ಲಿ ಸಲಿಗೆಯವರಿಗೆ ‘ತ್ಯು’, ಹಿರಿಯರಿಗೂ ಅಪರಿಚಿತರಿಗೂ ‘ವೂ’. ಇಂಗ್ಲಿಷಿನಲ್ಲಿ ಎಲ್ಲರಿಗೂ ‘ಯೂ’ ಆದ್ದರಿಂದ ಇಷ್ಟನ್ನು ತಿಳಿಸಲು ಒಂದು ತಾಸು ಹಿಡಿಯಿತು. ಮಾತುಮಾತಿಗೆ ‘ರೀ’ ಹಚ್ಚುವ ಮನೆಯಲ್ಲಿ ಬೆಳೆದ ಮಗುವಿಗೆ ‘ನೀನು, ನೀವು ಇದ್ದ ಹಾಗೆ’ ಎಂದರೆ ಸಾಕಿತ್ತು.

ಲಿಂಗದ ಮಾತೂ ಹಾಗೆಯೇ. ಫ್ರೆಂಚಿನಲ್ಲಿ ಪುಸ್ತಕ ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ. ಕನ್ನಡವೊಂದನ್ನೇ ಬಲ್ಲವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಗಡಿಯ ಕನ್ನಡದ ಕೂಸು ಮಾತ್ರ ಆರನೆಯ ವಯಸ್ಸಿಗೇ ಮರಾಠಿ ಶಾಲೆಯಲ್ಲಿ ಕೂತು ಕುರ್ಚಿ ಸ್ತ್ರೀಲಿಂಗ, ಕಾಗದ ಪುಲ್ಲಿಂಗ ಎಂದು ಕಲಿತಿರುತ್ತದೆ. ನಾಮಪದಕ್ಕೆ ತಕ್ಕಂತೆ ಮೋಠಾ, ಮೋಠೀ, ಮೋಠಂ ಎಂದು ವಿಶೇಷಣದ ರೂಪ ಬದಲಿಸುವುದೂ ಅದಕ್ಕೆ ರೂಢಿ. ಫ್ರೆಂಚ್ ಕೇಳುವ ಕಸರತ್ತು ಇದೇ.

ಇನ್ನು ಎಣಿಕೆ. ಫ್ರೆಂಚಿನಲ್ಲಿ ಎಂಬತ್ತಕ್ಕೆ ‘ನಾಲ್ಕು ಇಪ್ಪತ್ತು’ ಎನ್ನುತ್ತಾರೆ. 99 ಅಂದರೆ ನಾಲ್ಕು ಇಪ್ಪತ್ತು, ಹತ್ತು, ಒಂಬತ್ತು. ಎಲ್ಲ ಹೊಸಬರೂ ತಡವರಿಸುವ ಜಾಗ ಇದು. ಆದರೆ ನಮ್ಮ ಕಡೆಯ ಮುದುಕಿಯರು ಮರಾಠಿಯಲ್ಲಿ ‘ಚಾರ್ ವಿಸಾ’ ಎಂದು ಇಪ್ಪತ್ತರ ಲೆಕ್ಕದಲ್ಲೇ ಎಂಬತ್ತನ್ನು ಎಣಿಸುತ್ತಿದ್ದರು. ಗಡಹಿಂಗ್ಲಜದ ಪೇಟೆಯಲ್ಲಿ ಸಂಕೇಶ್ವರಿ ಮೆಣಸಿನಕಾಯಿ ಚೀಲ ಎಣಿಸುವಾಗ ಆ ಲೆಕ್ಕ ಕೇಳಿದವಳು ನಾನು. ತರಗತಿಯಲ್ಲಿ ಅದನ್ನು ನೆನಪಿಸಿದರೆ ಮಕ್ಕಳ ಮುಖ ಅರಳುತ್ತದೆ, ತಮ್ಮ ಅಜ್ಜಿಯ ಲೆಕ್ಕ ಪ್ಯಾರಿಸ್‌ನಲ್ಲೂ ಇದೆಯಲ್ಲ ಎಂದು.

ನಿಜವಾದ ಕಷ್ಟ ಇರುವುದು ಕಿವಿಗೂ ಅಕ್ಷರಕ್ಕೂ ನಡುವೆ. ‘ಮಾತಾಡು’ ಎಂಬ ಕ್ರಿಯಾಪದ ನಾನು, ನೀನು, ಅವರು ಎಂಬ ಮೂವರಿಗೂ ಬರಹದಲ್ಲಿ ಬೇರೆ ಬೇರೆ ಕೊನೆ ಪಡೆಯುತ್ತದೆ. ಬಾಯಲ್ಲಿ ಮೂರೂ ‘ಪಾರ್ಲ್’. ಬರೆದಂತೆ ಓದುವ ಕನ್ನಡದವರಿಗೆ ಇದು ತಲೆನೋವೇ. ಹಾಗಾಗಿ ಮೊದಲ ಕೆಲವು ವಾರ ನಾನು ಪುಸ್ತಕ ತೆರೆಸುವುದಿಲ್ಲ, ಬರೀ ಕೇಳಿಸುತ್ತೇನೆ, ಹೇಳಿಸುತ್ತೇನೆ. ಇಚಲಕರಂಜಿಯ ಮಗ್ಗದ ಮನೆಯ ಹುಡುಗಿಯೊಬ್ಬಳಿಗೆ ಮೂಗಿನಿಂದ ಬರುವ ಸ್ವರಗಳು ಒಗ್ಗಿರಲಿಲ್ಲ. “ಹೂಂ ಅಂತೀಯಲ್ಲ, ಬಾಯಿ ಮುಚ್ಚದೆ ಹಂಗೇ ಅನ್ನು” ಎಂದೆ. ಮನೆಯಲ್ಲಿ ಪವರ್‌ಲೂಮ್‌ನ ಗದ್ದಲದೊಳಗೆ ಅವಳು ಗಟ್ಟಿಯಾಗಿ ಹೇಳಿ ಹೇಳಿ ರೂಢಿಸಿಕೊಂಡಳು. ಯಾರೂ ಕೇಳಿಸಿಕೊಳ್ಳುವುದಿಲ್ಲ, ಹಾಗಾಗಿ ನಾಚಿಕೆಯೂ ಇಲ್ಲ ಎಂದಳು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದವರಿಗಿಂತ ಅವಳ ಉಚ್ಚಾರ ಈಗ ಚೊಕ್ಕ.

ಫ್ರಾನ್ಸ್ ಸರ್ಕಾರದ ಡೆಲ್ಫ್ ಪರೀಕ್ಷೆಯ ಮೊದಲ ಹಂತ ‘ಎ1’. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ, ತಲಾ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಪ್ರತಿ ಭಾಗದಲ್ಲೂ ಕನಿಷ್ಠ 5 ಬರಲೇಬೇಕು. ಅಲ್ಲಿ ಇಂಗ್ಲಿಷಿಗೆ ಒಂದು ಅಂಕವೂ ಇಲ್ಲ. ನಾನು ಬರೆದ ಕಾಲೇಜು ಪರೀಕ್ಷೆಯಲ್ಲಿ ಮಾತ್ರ ‘ಇಂಗ್ಲಿಷಿಗೆ ಅನುವಾದಿಸಿ’ ಎಂಬ ಪ್ರಶ್ನೆ ಇತ್ತು. ಫ್ರೆಂಚ್ ವಾಕ್ಯ ಸರಿಯಾಗಿ ತಿಳಿದರೂ ಇಂಗ್ಲಿಷ್ ಕಾಗುಣಿತ ತಪ್ಪಿ ಅಂಕ ಕಳೆದುಕೊಂಡ ಗೆಳತಿಯರ ಸಂಕಟ ನನಗೆ ಗೊತ್ತು. ಇದು ಅನ್ಯಾಯ.

ನಮ್ಮವರಿಂದ ಆಗುತ್ತದೆಯೇ ಎನ್ನುವವರು ವಸುಂಧರಾ ಫಿಲಿಯೋಜಾ ಅವರನ್ನು ನೋಡಲಿ. ಹಾವೇರಿಯಲ್ಲಿ ಹುಟ್ಟಿ ಪ್ಯಾರಿಸ್‌ಗೆ ಹೋದ ಅವರು ವಿಜಯನಗರದ ಆರಂಭಕಾಲದ ಶಾಸನಗಳ ಮೇಲೆ ಫ್ರೆಂಚಿನಲ್ಲೇ ಬರೆದ ಗ್ರಂಥ 1973ರಲ್ಲಿ ಅಚ್ಚಾಯಿತು. ಕನ್ನಡದಲ್ಲೂ ಬರೆದರು. ಗಡಿಯ ನೆಲಕ್ಕೂ ಬಹುಭಾಷೆ ಹೊಸದಲ್ಲ. ಸದಲಗಾದಲ್ಲಿ ಹುಟ್ಟಿ ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದ ಡಾ. ಎ. ಎನ್. ಉಪಾಧ್ಯೆ ಪ್ರಾಕೃತ, ಸಂಸ್ಕೃತ, ಇಂಗ್ಲಿಷ್‌ಗಳಲ್ಲಿ ಜೀವಮಾನವಿಡೀ ದುಡಿದವರು. 1967ರ ಶ್ರವಣಬೆಳಗೊಳ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಅವರೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಉನ್ನತ ಶಿಕ್ಷಣದಲ್ಲೂ ಮಾತೃಭಾಷೆಗೆ ಜಾಗ ಕೊಡಿ ಎನ್ನುತ್ತದೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯವಿರಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿರಲಿ, ವಿದೇಶಿ ಭಾಷೆಗಳನ್ನು ಹೊಸಬರಿಗೆ ಕಲಿಸುವ ಕಡೆಯಲ್ಲೆಲ್ಲ ಮರಾಠಿಯಲ್ಲಿ, ಕನ್ನಡದಲ್ಲಿ ವಿವರಣೆ ಇರುವ ಒಂದು ತೆಳುವಾದ ಫ್ರೆಂಚ್ ವ್ಯಾಕರಣ ಪುಸ್ತಕ ಬರಲಿ. ಅನುವಾದದ ಪ್ರಶ್ನೆಗೆ ವಿದ್ಯಾರ್ಥಿ ತನ್ನ ಭಾಷೆಯಲ್ಲಿ ಉತ್ತರ ಬರೆಯಲು ಅವಕಾಶವಿರಲಿ. ಬರೆಯಲು, ತಿದ್ದಲು ನನ್ನಂಥ ಶಿಕ್ಷಕರು ಸಿದ್ಧರಿದ್ದೇವೆ. ಈ ವರ್ಷ ಅರ್ಜಿ ತುಂಬುತ್ತಿರುವ ಮಕ್ಕಳೇ, ಇಂಗ್ಲಿಷ್ ಬರದು ಎಂಬ ಕಾರಣಕ್ಕೆ ಫ್ರೆಂಚ್ ಬಿಡಬೇಡಿ.