ಕಾನಡಾ ವಿಠ್ಠಲ

ಆಷಾಢದ ವಾರಿಗೆ, ಅಂದರೆ ಪಂಢರಪುರದ ಕಾಲ್ನಡಿಗೆ ಯಾತ್ರೆಗೆಂದು, ದೇಹುವಿನಿಂದ ಹೊರಟ ತುಕಾರಾಮರ ಪಲ್ಲಕ್ಕಿ ಬಾರಾಮತಿಯಲ್ಲಿ ಒಂದು ರಾತ್ರಿ ತಂಗುತ್ತದೆ. ಮರುದಿನ ಕಾಟೇವಾಡಿಯಲ್ಲಿ ಕುರಿಹಿಂಡು ಅದರ ಸುತ್ತ ರಿಂಗಣ ಹಾಕುತ್ತದೆ. ಪಲ್ಲಕ್ಕಿಯೊಡನೆ ನಡೆಯುವ ಜನ ಕಾಣಹೋಗುವ ವಿಠ್ಠಲನಿಗೆ ಮರಾಠಿಯಲ್ಲಿ ಒಂದು ವಿಶೇಷಣವಿದೆ: ಕಾನಡಾ. ಜ್ಞಾನೇಶ್ವರರ ಅಭಂಗದಲ್ಲಿ ಬಂದ ಈ ಪದ ಗ. ದಿ. ಮಾಡಗೂಳ್ಕರರ ಸಿನಿಮಾ ಹಾಡಿನ ಮೂಲಕ ಮನೆಮನೆ ಮುಟ್ಟಿತು.

ಅದರ ಮೂಲದ ಬಗ್ಗೆ ಜಗಳವಿಲ್ಲ. ಕರ್ಣಾಟ, ಕನ್ನಡಗಳೇ ಮರಾಠಿ ನಾಲಿಗೆಯಲ್ಲಿ ಕಾನಡಾ ಆದವು. ದರಬಾರಿ ಕಾನಡಾ ರಾಗದಲ್ಲಿರುವುದೂ ಅದೇ. ಕವಲೊಡೆಯುವುದು ಅರ್ಥದಲ್ಲಿ. ಕನ್ನಡದವನು ಎಂಬುದು ಒಂದು. ತಿಳಿವಿಗೆ ನಿಲುಕದವನು ಎಂಬುದು ಇನ್ನೊಂದು.

ಮಾತು ತಿಳಿಯದ ನೆರೆಯವರಿಂದ ಇಂಥ ಪದ ಹುಟ್ಟುವುದು ಬೇರೆಡೆಯೂ ಇದೆ. ಪೋಲಿಷ್ ಭಾಷೆಯಲ್ಲಿ ಜರ್ಮನ್ನರಿಗೆ ಸಂಬಂಧಿಸಿದ್ದನ್ನು 'ನ್ಯೆಮ್ಯೆಟ್ಸ್ಕಿ' ಎನ್ನುತ್ತಾರೆ. ಅದರ ಬೇರು 'ನ್ಯೆಮಿ', ಅಂದರೆ ಮೂಕ. ನಮ್ಮ ಮಾತು ಬಾರದವನು ಮೂಕ! ಅಲ್ಲಿ ಮೂಕತನ ಒಂದು ಜನಾಂಗದ ಹೆಸರಾಯಿತು. ಇಲ್ಲಿ ಒಂದು ಜನದ ಹೆಸರೇ ತಿಳಿಯದ್ದಕ್ಕೆ ಗುಣವಾಚಕವಾಯಿತು. ಅದೂ ಬೈಗುಳವಾಗಿ ನಿಲ್ಲದೆ ದೇವರ ಹೆಸರಿಗೆ ಅಂಟಿಕೊಂಡಿತು.

ಅಭಂಗದ ಕಾನಡಾ ಎಂದರೆ ಅಗಮ್ಯ, ಅಷ್ಟೇ ಎನ್ನುವ ವ್ಯಾಖ್ಯಾನಕಾರರಿದ್ದಾರೆ. ಅದನ್ನು ನಾನು ಒಪ್ಪಲಾರೆ. ಆ ಸಾಲಿನಲ್ಲೇ ಕರ್ನಾಟಕದ ಹೆಸರೂ ಇದೆ. ಪಂಢರಪುರದಲ್ಲೇ ಹೊಯ್ಸಳ ಸೋಮೇಶ್ವರನ 1237ರ ಶಾಸನವಿದೆ. 'ಜ್ಞಾನೇಶ್ವರಿ' 1290ರದು, ಆಗ ಆಳುತ್ತಿದ್ದ ದೇವಗಿರಿಯ ಯಾದವರು ಹಾಕಿಸಿದ ಕನ್ನಡ ಶಾಸನಗಳು ಹೇರಳ. ಸಂಶೋಧಕ ರಾ. ಚಿಂ. ಢೇರೆಯವರು 'ಶ್ರೀ ವಿಠ್ಠಲ: ಏಕ್ ಮಹಾಸಮನ್ವಯ'ದಲ್ಲಿ (1984) ಈ ದೇವರ ದಕ್ಷಿಣದ ನಂಟನ್ನು ಹೆಜ್ಜೆಹೆಜ್ಜೆಯಾಗಿ ಹುಡುಕಿದ್ದಾರೆ, ಕನ್ನಡಿಗರು ಓದಲೇಬೇಕಾದ ಪುಸ್ತಕ. 'ಕವಿರಾಜಮಾರ್ಗ' ಹೇಳಿದ ಕಾವೇರಿ ಗೋದಾವರಿಗಳ ನಡುವಿನ ನಾಡಿನೊಳಗೆ ಕರ್ಹಾ ದಂಡೆಯ ಬಾರಾಮತಿಯೂ ಬರುತ್ತದೆ. ಮರಾಠಿ ಅಡುಗೆಮನೆಯ ತೂಪ ನಮ್ಮ ತುಪ್ಪವೇ. ಎಲೆತಟ್ಟೆಯ ಅಡಕಿತ್ತಾ ನಮ್ಮ ಅಡಕತ್ತರಿಯೇ.

ಹಾಗೆಂದು ಅಗಮ್ಯವೆಂಬ ಅರ್ಥವನ್ನು ಹೊಡೆದುಹಾಕುವುದೂ ಸಲ್ಲ. ಕನ್ನಡ ಸೀಮೆಯಿಂದ ಬಂದವನು, ಕಣ್ಣೆದುರೇ ಇಟ್ಟಿಗೆಯ ಮೇಲೆ ನಿಂತಿದ್ದಾನೆ, ಆದರೂ ಅರಿವಿಗೆ ಸಿಗಲೊಲ್ಲ: ಭಕ್ತನ ಈ ಪ್ರೀತಿಯ ದೂರನ್ನು ಒಂದೇ ಪದದಲ್ಲಿ ಹೇಳಲು ಎರಡೂ ಅರ್ಥ ಬೇಕು.

ಮರಾಠಿ ಸೀಮೆಯಲ್ಲಿ ನೆಲೆಸಿರುವ ಓದುಗರೇ, ನಿಮ್ಮ ಊರಿನ ಆಡುಮಾತಿನಲ್ಲಿ 'ಕಾನಡಾ', 'ಕಾನಡಿ' ಯಾವ ಅರ್ಥದಲ್ಲಿ ಉಳಿದಿವೆ? ಅಜ್ಜಿಯರನ್ನು ಕೇಳಿ ಬರೆದು ಕಳಿಸಿ. ಬಂದ ಪತ್ರಗಳನ್ನು ಪ್ರಕಟಿಸುತ್ತೇವೆ.