ತೊಟ್ಟಿಯ ಹವಳ ಯಾರ ಮನೆಯದು?

ಗಾಜಿನ ತೊಟ್ಟಿಯಲ್ಲಿ ಜೀವಂತ ಹವಳ ಬೆಳೆಸುವುದು ಸರಿಯೇ ಎಂಬ ಮಾತು ಬಂದಾಗಲೆಲ್ಲ ವಾದ ಎರಡು ದಿಕ್ಕಿಗೆ ಎಳೆದಾಡುತ್ತದೆ. ಇದು ಕಡಲಿನ ಲೂಟಿ ಎನ್ನುವವರು ಒಂದು ಕಡೆ. ಕಡಲೇ ಬಿಸಿಯಾಗುತ್ತಿರುವಾಗ ಮನೆಯಲ್ಲಾದರೂ ನಾಲ್ಕು ಹವಳ ಉಳಿಯಲಿ ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಹುರುಳಿದೆ. ಆದರೆ ಆ ಹವಳ ಎಲ್ಲಿ ಬೆಳೆದದ್ದು, ತಂದವರಿಗೆ ಕಾಯುವ ತಾಳ್ಮೆ ಇದೆಯೇ ಎಂದು ತಿಳಿಯದೆ ಯಾವ ಕಡೆಗೂ ತೀರ್ಪು ಕೊಡಲಾಗದು.

ಹವಳ ಗಿಡವಲ್ಲ, ಕಲ್ಲೂ ಅಲ್ಲ, ಅದು ಪ್ರಾಣಿ. ತನ್ನ ಮೈಯೊಳಗೆ ಸೂಕ್ಷ್ಮ ಪಾಚಿಯನ್ನು ಇಟ್ಟುಕೊಂಡು, ಆ ಪಾಚಿ ಬೆಳಕಿನಿಂದ ತಯಾರಿಸುವ ಆಹಾರವನ್ನು ನೆಚ್ಚಿ ಬದುಕುತ್ತದೆ. ಗಟ್ಟಿ ಹವಳಗಳು ನೀರಿನ ಕ್ಯಾಲ್ಸಿಯಂ ಹೀರಿ ಸುಣ್ಣದ ಗೂಡು ಕಟ್ಟುತ್ತವೆ. ಕವಲೊಡೆಯುವ ಆಕ್ರೊಪೊರಾ ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆದರೆ, ಗುಂಡಾದ ಪೊರೈಟಿಸ್ ಬೆಳೆಯುವುದು ಒಂದು ಸೆಂಟಿಮೀಟರ್ ಆಸುಪಾಸು. ಅಂದರೆ ತಲೆಯಷ್ಟು ದೊಡ್ಡ ಪೊರೈಟಿಸ್ ಗುಂಡನ್ನು ಉಳಿಯಿಂದ ಕಿತ್ತು ತಂದವನು ಹತ್ತು ಹದಿನೈದು ವರ್ಷದ ಬೆಳೆಯನ್ನು ಒಂದೇ ಏಟಿಗೆ ಕಿತ್ತಿರುತ್ತಾನೆ.

ಹವಳಕ್ಕೆ ತೊಟ್ಟಿಯಲ್ಲಿ ಬೇಕಾಗುವ ನೀರಾದರೂ ಎಂಥದ್ದು! ಉಷ್ಣಾಂಶ 24–26 ಡಿಗ್ರಿ, ಒಂದು ಕಿಲೋ ನೀರಿಗೆ 35 ಗ್ರಾಂ ಉಪ್ಪು, ಲೀಟರಿಗೆ 400–450 ಮಿಲಿಗ್ರಾಂ ಕ್ಯಾಲ್ಸಿಯಂ. ಈ ಅಂಕಿಗಳನ್ನು ಒಮ್ಮೆ ಮುಟ್ಟುವುದು ಕಷ್ಟವಲ್ಲ, ತಿಂಗಳುಗಟ್ಟಲೆ ಅಲುಗದಂತೆ ಹಿಡಿದಿಡುವುದು ಕಷ್ಟ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಕೆಲವು ವಾರಗಳೇ ಬೇಕು. ಬಲ್ಲವರು ಆಮೇಲೂ ಆತುರಪಡುವುದಿಲ್ಲ: ಮೊದಲು ಅಣಬೆ ಹವಳದಂಥ ಮೆತ್ತನೆಯವು, ನಂತರ ದಪ್ಪ ಮೈಯ ಯೂಫಿಲಿಯಾ, ತೊಟ್ಟಿ ಪೂರ್ತಿ ಹದಕ್ಕೆ ಬಂದ ಮೇಲಷ್ಟೇ ಆಕ್ರೊಪೊರಾ. ನಡುವೆ ಜಾಗವನ್ನೂ ಬಿಡುತ್ತಾರೆ. ಹಗಲೆಲ್ಲ ದೀಪದಂತೆ ತೂಗುವ ಟಾರ್ಚ್ ಹವಳ ರಾತ್ರಿ ಗೇಣುದ್ದ ಕುಟುಕುವ ಎಳೆಗಳನ್ನು ಚಾಚಿ ಪಕ್ಕದ ಹವಳವನ್ನು ಸುಡುತ್ತದೆ. ಬೆಳಗ್ಗೆ ನೋಡಿದರೆ ನೆರೆಯ ಹವಳದ ಒಂದು ಪಕ್ಕ ಮಾಂಸ ಕರಗಿ ಬಿಳಿ ಎಲುಬು ಕಾಣುತ್ತಿರುತ್ತದೆ. ಒಂದೇ ವಾರದಲ್ಲಿ ತೊಟ್ಟಿ ತುಂಬಬೇಕೆನ್ನುವವರು ತಂದದ್ದರಲ್ಲಿ ಬಹುಪಾಲನ್ನು ಕೊಂದು, ಮತ್ತೆ ಕೊಳ್ಳುತ್ತಾರೆ. ಲೂಟಿ ಎಂಬ ಆರೋಪಕ್ಕೆ ನಿಜವಾದ ಆಧಾರ ಈ ಮರುಖರೀದಿಯೇ.

ಹೂಗೊಂಚಲಿನಂತೆ ಕಾಣುವ ಗೋನಿಯೋಪೋರಾವನ್ನೇ ನೋಡಿ. ಅದು ತೊಟ್ಟಿಯಲ್ಲಿ ಕೆಲವು ತಿಂಗಳು ಅರಳಿದ್ದು, ನಂತರ ಸೊರಗಿ ಸಾಯುತ್ತದೆಂದು ಹವ್ಯಾಸಿಗಳಿಗೆ ದಶಕಗಳಿಂದ ಗೊತ್ತಿತ್ತು. ಆದರೂ ಮಾರಾಟ ನಿಲ್ಲಲಿಲ್ಲ.

ಕಡಲಿನಿಂದ ಕಿತ್ತು ತರುವುದಕ್ಕೆ ಬದಲಾಗಿ ಫ್ರ್ಯಾಗ್ ಎಂಬ ದಾರಿ ಇದೆ. ತೊಟ್ಟಿಯಲ್ಲೇ ಚೆನ್ನಾಗಿ ಬೆಳೆದ ಹವಳದಿಂದ ಹೆಬ್ಬೆರಳಿನಷ್ಟು ಕವಲನ್ನು ಕತ್ತರಿಸಿ, ಪಿಂಗಾಣಿ ಬಿಲ್ಲೆಗೆ ಸೂಪರ್‌ಗ್ಲೂ ಹಚ್ಚಿ ಕೂರಿಸುತ್ತಾರೆ. ಕೆಲವು ವಾರಗಳಲ್ಲಿ ಹವಳದ ಮೈ ಬುಡದಿಂದ ಹರಿದು ಅಂಟನ್ನೂ ಬಿಲ್ಲೆಯ ಅಂಚನ್ನೂ ಮುಚ್ಚಿಕೊಳ್ಳುತ್ತದೆ. ತೊಟ್ಟಿಯ ಬೆಳಕು, ನೀರಿಗೆ ಆಗಲೇ ಒಗ್ಗಿರುವುದರಿಂದ ಇಂಥ ತುಂಡು ಕಡಲಿನಿಂದ ಬಂದ ಹವಳಕ್ಕಿಂತ ಚೆನ್ನಾಗಿ ಬಾಳುತ್ತದೆ. ಕಡಲು ಏನನ್ನೂ ಕಳೆದುಕೊಳ್ಳುವುದಿಲ್ಲ. ಈ ಹವ್ಯಾಸವನ್ನು ನಾನು ಒಪ್ಪುವುದು ಇಲ್ಲಿ ಮಾತ್ರ.

ಮನೆಯ ತೊಟ್ಟಿಯೇ ಹವಳದ ಆಶ್ರಯ ಎಂಬ ವಾದವನ್ನು ಹಗುರವಾಗಿ ತಳ್ಳಲಾಗದು. ಅಮೆರಿಕದ ಫ್ಲಾರಿಡಾ ಕೀಸ್‌ನಲ್ಲಿ ಕೆನ್ ನೆಡಿಮೈಯರ್ ಎಂಬವರು ಅಕ್ವೇರಿಯಂಗಳಿಗೆ ಮಾರಲೆಂದು ಕಡಲ ತಳದಲ್ಲಿ ಕಲ್ಲು ಹಾಸಿದ್ದಾಗ ಅವುಗಳ ಮೇಲೆ ಜಿಂಕೆಕೊಂಬಿನ ಹವಳ ತಾನಾಗಿ ಬಂದು ಕೂತಿತು. ಅದನ್ನು ತುಂಡರಿಸಿ ಬೆಳೆಸಿದ ಅವರು 2007ರಲ್ಲಿ ಹವಳವನ್ನು ಕಡಲಿಗೆ ಮರಳಿಸುವ ಕೋರಲ್ ರೆಸ್ಟೋರೇಶನ್ ಫೌಂಡೇಶನ್ ಕಟ್ಟಿದರು. 2023ರ ಬೇಸಿಗೆಯಲ್ಲಿ ಅಲ್ಲಿನ ನೀರು ಕಾದಾಗ ಕಡಲ ನರ್ಸರಿಗಳಿಂದ ಸಾವಿರಾರು ಹವಳಗಳನ್ನು ದಡದ ತೊಟ್ಟಿಗಳಿಗೆ ಸಾಗಿಸಲಾಯಿತು. ತೊಟ್ಟಿಯಲ್ಲಿ ಕಲಿತ ವಿದ್ಯೆ ಕಡಲಿಗೆ ಒದಗಿದ್ದು ಹೀಗೆ. ಆದರೆ ಆ ತೊಟ್ಟಿಗಳಲ್ಲಿ ಯಾವ ಹವಳ ಯಾವ ದಿಬ್ಬದ್ದು ಎಂಬ ದಾಖಲೆ ಇರುತ್ತದೆ. ಇಂಡೋನೇಷ್ಯಾದ್ದೂ ಆಸ್ಟ್ರೇಲಿಯಾದ್ದೂ ಒಂದೇ ನೀರಿನಲ್ಲಿರುವ ಮನೆತೊಟ್ಟಿಯಿಂದ ಒಂದು ತುಂಡನ್ನೂ ಕಡಲಿಗೆ ಮರಳಿಸುವಂತಿಲ್ಲ. ಪರಕೀಯ ಜೀವಿ, ರೋಗ ಎರಡೂ ಜೊತೆಗೇ ಹೋಗುತ್ತವೆ. ನಾವು ಪ್ರೀತಿಯಿಂದ ಸಾಕಬಹುದು. ಕಡಲನ್ನು ಉಳಿಸುತ್ತಿದ್ದೇವೆ ಎಂದುಕೊಳ್ಳುವುದು ಬೇಡ. 2024ರ ಏಪ್ರಿಲ್‌ನಲ್ಲಿ ಘೋಷಣೆಯಾದ, ಕಡಲು ಕಾದು ಹವಳ ತನ್ನ ಪಾಚಿಯನ್ನು ಕಳೆದುಕೊಳ್ಳುವ ನಾಲ್ಕನೆಯ ಜಾಗತಿಕ ಬಿಳಿಚುವಿಕೆಗೆ ಪರಿಹಾರ ಇರುವುದು ಇಂಗಾಲದ ಹೊಗೆ ಇಳಿಸುವುದರಲ್ಲಿ.

ಭಾರತದಲ್ಲಂತೂ ಈ ಚರ್ಚೆಗೆ ಹೆಚ್ಚು ಎಡೆಯಿಲ್ಲ. ಗಟ್ಟಿ ಹವಳಗಳು, ಕಪ್ಪು ಹವಳ, ಸಮುದ್ರ ಬೀಸಣಿಗೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ, ಆನೆಗಿರುವ ರಕ್ಷಣೆಯೇ ಇವಕ್ಕೂ ಇದೆ. ಈ ಕಟ್ಟುನಿಟ್ಟು ಸರಿಯಾದದ್ದೇ ಎಂದು ನನ್ನ ನಂಬಿಕೆ. ಸಾಕಿದ ತುಂಡು ಯಾವುದು, ಕದ್ದು ಕಿತ್ತದ್ದು ಯಾವುದು ಎಂದು ಅಂಗಡಿಯಲ್ಲಿ ನಿಂತು ಗುರುತಿಸುವುದು ಸುಲಭವಲ್ಲ.

ಹೊರದೇಶದಲ್ಲಿ ಈ ಹವ್ಯಾಸಕ್ಕೆ ಇಳಿಯುವ ಕನ್ನಡಿಗರು ತೊಟ್ಟಿಯಲ್ಲಿ ಬೆಳೆದ ಫ್ರ್ಯಾಗನ್ನೇ ಕೇಳಿ ಕೊಳ್ಳಲಿ. ಎಲ್ಲಿ ಬೆಳೆದದ್ದೆಂದು ಮಾರುವವರು ಹೇಳದಿದ್ದರೆ ಬಿಟ್ಟು ಬರಲಿ. ಊರಲ್ಲಿರುವವರು ಹವಳ ನೋಡಬೇಕೆಂದರೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ, ಅಲ್ಲಿ ನೀರಿಗಿಳಿದು ನೋಡಿ, ಮುಟ್ಟದೆ ಬನ್ನಿ.