ಫ್ರೆಂಡ್ ರೇಟ್ ಕೇಳೋ ಮುಂಚೆ ಗಂಟೆ ಲೆಕ್ಕ ನೋಡಿ

1/6

ನಮ್ಮ ಕ್ಲಾಸಲ್ಲೇ ಎಣಿಸಿದ್ರೆ ಐದಾರು ಜನ ಕೈಯಲ್ಲಿ ಜುಮ್ಕಿ, ಬಳೆ, ಸರ ಮಾಡಿ ಮಾರ್ತಿದ್ದೀವಿ. ಒಬ್ಬಳದ್ದು ಟೆರಾಕೋಟ, ಇನ್ನೊಬ್ಬಳದ್ದು ರೆಸಿನ್, ನಂದು ಸಿಲ್ಕ್ ಥ್ರೆಡ್. ಮಾಡೋ ವಸ್ತು ಬೇರೆ ಬೇರೆ ಆದ್ರೂ ಎಲ್ಲರ ಡಿಎಂಗೆ ಬರೋ ಮೆಸೇಜ್ ಮಾತ್ರ ಒಂದೇ: "ಸೂಪರ್ ಆಗಿದೆ ಕಣೇ! ಫ್ರೆಂಡ್ ರೇಟ್ ಎಷ್ಟು?"

ಕೇಳೋರ ಮೇಲೆ ನಂಗೆ ಕೋಪ ಇಲ್ಲ. ಕೇಳೋದು ಅವರ ಹಕ್ಕು. ನನ್ನ ತಕರಾರು ಇರೋದು ಆ ಮೆಸೇಜ್ ನೋಡಿದ ತಕ್ಷಣ ಲೆಕ್ಕ ಹಾಕ್ದೆ "ನಿಂಗೆ 120ಕ್ಕೆ ಕೊಡ್ತೀನಿ ಬಿಡು" ಅನ್ನೋರ ಜೊತೆ.

ನಾನು ಹೇಳೋಕೆ ಹೊರಟಿರೋದು ಇಷ್ಟು. ಕೈಯಲ್ಲಿ ಮಾಡಿದ ಒಡವೆಯ ಬೆಲೆಯಲ್ಲಿ ದೊಡ್ಡ ಪಾಲು ಅದಕ್ಕೆ ಹಿಡಿದ ಸಮಯದ್ದು. ಆ ಸಮಯಕ್ಕೆ ಸೊನ್ನೆ ಹಾಕಿ ಮಾರೋದು ತಪ್ಪು. "ನಾನಿನ್ನೂ ಸ್ಟೂಡೆಂಟ್, ಮನೇಲಿ ಊಟ ಇದೆ, ಬಾಡಿಗೆ ಕಟ್ಟೋ ಹಾಗಿಲ್ಲ" ಅಂತ ಸೊನ್ನೆ ಹಾಕೋದು ಇನ್ನೂ ದೊಡ್ಡ ತಪ್ಪು. ಯಾಕೆ ಅಂತ ಲೆಕ್ಕದ ಸಮೇತ ಹೇಳ್ತೀನಿ. ಬಿಕಾಂ ಓದ್ತಿರೋದಕ್ಕೆ ಇಷ್ಟಾದ್ರೂ ಉಪಯೋಗ ಆಗ್ಲಿ.

2/6

ಕಾಸ್ಟ್ ಶೀಟ್ ನೆನಪಿದ್ಯಾ? ಡೈರೆಕ್ಟ್ ಮೆಟೀರಿಯಲ್, ಡೈರೆಕ್ಟ್ ಲೇಬರ್, ಡೈರೆಕ್ಟ್ ಎಕ್ಸ್‌ಪೆನ್ಸಸ್, ಮೂರೂ ಸೇರಿದ್ರೆ ಪ್ರೈಮ್ ಕಾಸ್ಟ್. ಪರೀಕ್ಷೇಲಿ ಲೇಬರ್ ಸಾಲು ಬಿಟ್ರೆ ಮಾರ್ಕ್ಸ್ ಹೋಗುತ್ತೆ. ಆದ್ರೆ ಎಷ್ಟೋ ಪೇಜ್‌ಗಳ ಲೆಕ್ಕದಲ್ಲಿ ಆ ಸಾಲು ಇರೋದೇ ಇಲ್ಲ.

ಒಂದು ಜೊತೆ ಸಿಲ್ಕ್ ಥ್ರೆಡ್ ಜುಮ್ಕಿ ತಗೊಳ್ಳೋಣ. ಇದು ನನ್ನ ಪುಸ್ತಕದ ಲೆಕ್ಕ. ಜುಮ್ಕಿ ಬೇಸ್, ದಾರ, ಸ್ಟೋನ್ ಚೈನ್, ಮುತ್ತಿನ ಮಣಿ, ಐ ಪಿನ್, ಸ್ಟಡ್, ಗಮ್ ಎಲ್ಲಾ ಸೇರಿ 48 ರೂಪಾಯಿ. ಡಬ್ಬಿ, ಕವರ್ 12. ಒಟ್ಟು 60.

ಈಗ ಸಮಯ. ದಾರದ ಎಳೆಗಳನ್ನ ಎಣಿಸಿ, ನೇರ ಮಾಡಿ, ಬೇಸ್ ಕಾಣದ ಹಾಗೆ ಒತ್ತೊತ್ತಾಗಿ ಸುತ್ತಬೇಕು. ಒಂದು ಎಳೆ ಮಡಚಿಕೊಂಡ್ರೂ ಬೆಳಕಲ್ಲಿ ಗೊತ್ತಾಗುತ್ತೆ, ಬಿಚ್ಚಿ ಮತ್ತೆ ಸುತ್ತಬೇಕು. ಆಮೇಲೆ ಸ್ಟೋನ್ ಚೈನ್ ಅಂಟಿಸಿ, ಒಣಗಿದ ಮೇಲೆ ಮಣಿ ಕಟ್ಟಬೇಕು. ಒಣಗೋಕೆ ಬಿಡೋ ಹೊತ್ತು ಬಿಟ್ಟು, ಕೈಯಾಡೋ ಸಮಯ ಮಾತ್ರ ಹಿಡಿದ್ರೂ ಒಂದೂವರೆ ಗಂಟೆ. ಜೊತೆಗೆ "ಈ ಬ್ಲೌಸ್‌ಗೆ ಮ್ಯಾಚ್ ಆಗುತ್ತಾ" ಅನ್ನೋ ಚಾಟ್, ಫೋಟೋ, ಪ್ಯಾಕಿಂಗ್ ಇನ್ನೊಂದು ಅರ್ಧ ಗಂಟೆ. ಅಲ್ಲಿಗೆ ಎರಡು ಗಂಟೆ.

120ಕ್ಕೆ ಮಾರಿದ್ರೆ ಸಾಮಗ್ರಿ, ಡಬ್ಬಿ ಕಳೆದು 60 ಉಳಿಯಿತು. ಎರಡು ಗಂಟೆಗೆ 60. ಅಂದ್ರೆ ಗಂಟೆಗೆ 30 ರೂಪಾಯಿ. ಇನ್ನೂ ಬಸ್ ಚಾರ್ಜ್ ಹಿಡಿದಿಲ್ಲ, ಪ್ಲೈಯರ್ ಸವೆಯೋದು ಹಿಡಿದಿಲ್ಲ, ಡೇಟಾ ಪ್ಯಾಕ್ ಹಿಡಿದಿಲ್ಲ.

3/6

ಗಂಟೆಗೆ 30 ಅಂದ್ರೆ ಎಷ್ಟು ಕಡಿಮೆ? ಕರ್ನಾಟಕದಲ್ಲಿ 2025-26ರಲ್ಲಿ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ದಿನಕ್ಕೆ ಎಂಟು ಗಂಟೆ ಅಂತ ಹಿಡಿದ್ರೆ ಗಂಟೆಗೆ 46 ಚಿಲ್ಲರೆ. ಅದೇ ಸಾಲಲ್ಲ ಅಂತ ಕೂಲಿ ಮಾಡೋರು ಹೇಳ್ತಾರೆ. ನೀವು ಕಲಿತು, ಕಣ್ಣು ನೋಯಿಸ್ಕೊಂಡು ಮಾಡಿದ ಕೆಲಸಕ್ಕೆ ಅದರ ಮೂರನೇ ಎರಡು ಪಾಲೂ ಇಲ್ಲ.

"ನಂಗೆ ಇದು ಹಾಬಿ, ದುಡ್ಡು ಮುಖ್ಯ ಅಲ್ಲ" ಅಂತ ನೀವು ಹೇಳಬಹುದು. ಹಾಬಿ ಆದ್ರೆ ಬಹಳ ಒಳ್ಳೇದು. ಮಾಡಿ, ಹಾಕ್ಕೊಳ್ಳಿ, ಗೆಳತಿಯ ಬರ್ತ್‌ಡೇಗೆ ಉಡುಗೊರೆ ಕೊಡಿ. ಆದ್ರೆ ಪೇಜ್ ತೆಗೆದು ರೇಟ್ ಹಾಕಿದ ದಿನದಿಂದ ನೀವು ಮಾರ್ಕೆಟ್‌ನಲ್ಲಿ ಇದ್ದೀರಿ. ಆ ಮಾರ್ಕೆಟ್‌ನಲ್ಲಿ ನೀವೊಬ್ಬರೇ ಇಲ್ಲ.

ನಿಮ್ಮ ಬೀದಿಯಲ್ಲೇ ನೋಡಿ. ಮಕ್ಕಳನ್ನ ಸ್ಕೂಲಿಗೆ ಕಳಿಸಿ ಮನೇಲಿ ಕೂತು ಬಳೆ ಸುತ್ತೋ ಒಬ್ಬ ಆಂಟಿ ಇರ್ತಾರೆ. ಗೌರಿ ಹಬ್ಬದ ತಿಂಗಳ ಆರ್ಡರ್‌ನಲ್ಲೇ ಅವರು ಫೀಸು ಕಟ್ಟಬೇಕು. ಅವರು 220 ಹೇಳಿದ ಜುಮ್ಕಿಯನ್ನ ನೀವು 120ಕ್ಕೆ ಕೊಟ್ರೆ ಗಿರಾಕಿ ಅವರ ಮುಂದೆ ಫೋನ್ ಹಿಡೀತಾರೆ: "ನೋಡಿ, ಇಲ್ಲಿ 120ಕ್ಕೆ ಸಿಗ್ತಿದೆ." ಆ 100 ರೂಪಾಯಿ ವ್ಯತ್ಯಾಸವನ್ನ ತುಂಬ್ತಿರೋದು ನಿಮ್ಮ ಅಪ್ಪ ಅಮ್ಮ, ನಿಮ್ಮ ಊಟ, ಕರೆಂಟು, ರೀಚಾರ್ಜ್ ಮೂಲಕ. ಆಂಟಿಗೆ ಹಾಗೆ ತುಂಬೋರು ಯಾರೂ ಇಲ್ಲ. ನಿಮಗೆ ಪಾಕೆಟ್ ಮನಿ ಆಗಿರೋದು ಅವರಿಗೆ ಮನೆ ಖರ್ಚು. ಇದನ್ನ ಮರೆತು ರೇಟ್ ಇಳಿಸೋದನ್ನ ನಾನು ದೊಡ್ಡ ಮನಸ್ಸು ಅಂತ ಕರೆಯಲ್ಲ.

ಚನ್ನಪಟ್ಟಣದ ಮರದ ಮಣಿಗಳ ಕಥೆನೂ ಇದೇ. ಹಾಲೆ ಮರವನ್ನ ಕಡೆದು, ತಿರುಗೋ ಮರಕ್ಕೆ ಅರಗಿನ ಬಣ್ಣ ಒತ್ತಿ ಹಿಡಿದು ಹೊಳಪು ತರ್ತಾರೆ. ಆ ಮಣಿ ತಂದು ಸರ ಪೋಣಿಸಿ ಮಾರೋರು ನಮ್ಮಲ್ಲಿ ಬಹಳ ಜನ ಇದ್ದಾರೆ. ಪೋಣಿಸೋ ನಾವು ರೇಟ್ ಇಳಿಸಿದ್ರೆ ಮುಂದಿನ ಸಲ ಚೌಕಾಸಿ ಮಾಡೋದು ಆ ಮಣಿ ಮಾಡಿದವರ ಹತ್ರಾನೇ ತಾನೇ?

4/6

ಹಾಗಂತ ಮನಸ್ಸಿಗೆ ಬಂದ ರೇಟ್ ಹಾಕಿ ಅಂತ ನಾನು ಹೇಳ್ತಿಲ್ಲ. ಗಿರಾಕಿಗೂ ಲೆಕ್ಕ ಸರಿ ಇರಬೇಕು.

ರೀಲ್ಸ್‌ನಲ್ಲಿ ಒಂದು ಸೂತ್ರ ಓಡಾಡ್ತಿದೆ: ಸಾಮಗ್ರಿ ಖರ್ಚು ಇಂಟು ಮೂರು. ಇದು ಎರಡೂ ಕಡೆ ಕೆಡಿಸುತ್ತೆ. ಮೇಲಿನ ಜುಮ್ಕಿಗೆ 60 ಇಂಟು ಮೂರು, 180 ಬರುತ್ತೆ. ಕೆಲಸಕ್ಕೆ ಸಾಲಲ್ಲ. 150 ರೂಪಾಯಿಯ ರೆಡಿ ಪೆಂಡೆಂಟ್ ತಂದು ಹತ್ತು ನಿಮಿಷದಲ್ಲಿ ಚೈನ್‌ಗೆ ಸೇರಿಸಿದ್ರೆ ಅದೇ ಸೂತ್ರದಲ್ಲಿ 450! ಅದು ಗಿರಾಕಿಗೆ ಮಾಡೋ ಮೋಸ.

ನಾನು ಹಾಕೋದು ಹೀಗೆ. ಸಾಮಗ್ರಿ, ಡಬ್ಬಿ 60. ಎರಡು ಗಂಟೆಗೆ 60ರ ಹಾಗೆ 120. ಮಾಮೂಲ್‌ಪೇಟೆಗೆ ಹೋಗಿ ಬರೋ ಖರ್ಚು, ಟೂಲ್ಸ್, ಡೇಟಾ ಹಂಚಿ 15. ಒಟ್ಟು 195. ಲಾಭ 25. ಬೆಲೆ 220. ಯಾರಾದ್ರೂ "ಯಾಕಿಷ್ಟು?" ಅಂದ್ರೆ ಸಾಲು ಸಾಲಾಗಿ ಹೇಳೋಕೆ ಬರುತ್ತೆ.

ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್ ಓದಿದ್ದೀವಲ್ಲ, ಅದೂ ಇಲ್ಲಿ ಕೆಲಸಕ್ಕೆ ಬರುತ್ತೆ. ಮಣಿ ಪ್ಯಾಕೆಟ್‌ನಲ್ಲಿ ನಾಲ್ಕಕ್ಕೆ ತೂತೇ ಇರಲ್ಲ, ದಾರದ ತುದಿ ಕತ್ತರಿಸಿ ಬಿಸಾಕ್ಬೇಕು. ಇದು ನಾರ್ಮಲ್, ಬೆಲೆಗೆ ಸೇರುತ್ತೆ. ಗಮ್ ಬಾಟಲ್ ಮಗುಚಿ ಅರ್ಧ ಸೆಟ್ ಹಾಳಾಯ್ತು, ಅದು ಅಬ್‌ನಾರ್ಮಲ್, ನಿಮ್ಮ ಜೇಬಿಂದ. ಹೊಸ ಡಿಸೈನ್ ಕಲಿಯೋಕೆ ಹಿಡಿದ ಐದು ಗಂಟೆಯೂ ಗಿರಾಕಿಯ ತಲೆಗೆ ಬರಬಾರದು.

ಡಿಸ್ಕೌಂಟ್ ಕೊಡ್ಲೇಬಾರದಾ? ಸಮಯ ಕಡಿಮೆ ಆದ ಕಡೆ ಖಂಡಿತ ಕೊಡಿ. ಬಾಗಿನಕ್ಕೆ ಒಂದೇ ಬಣ್ಣದ ಹತ್ತು ಸೆಟ್ ಬಳೆ ಹೇಳಿದ್ರೆ ದಾರ ಒಂದೇ ಸಲ ತಯಾರಾಗುತ್ತೆ, ಚಾಟ್ ಒಂದೇ, ಪ್ಯಾಕಿಂಗ್ ಒಂದೇ. ಉಳಿದ ಸಮಯದ ಪಾಲನ್ನ ಗಿರಾಕಿಗೆ ಬಿಟ್ಟುಕೊಡಿ. ಫ್ರೆಂಡ್ ಹತ್ರ 100 ರೂಪಾಯಿನೇ ಇದ್ರೆ 100ಕ್ಕೆ ಆಗೋ ಡಿಸೈನ್ ಮಾಡ್ಕೊಡಿ. ಜುಮ್ಕಿ ಬದಲು ಪುಟ್ಟ ಸ್ಟಡ್, ಮುಕ್ಕಾಲು ಗಂಟೆ ಕೆಲಸ. ಫ್ರೆಂಡ್‌ಗೂ ಖುಷಿ, ನಿಮಗೂ ಕೂಲಿ.

5/6

ಇನ್ನು ಫ್ರೀಲಾನ್ಸ್ ಬದುಕಿನ ವಿಷ್ಯ. "ನಿಂಗೇನಮ್ಮಾ, ಬಾಸ್ ಇಲ್ಲ" ಅಂತಾರೆ. ಬಾಸ್ ಇಲ್ದಿರೋದಕ್ಕೇ ರೂಲ್ಸ್ ನಾವೇ ಬರ್ಕೋಬೇಕು.

ಕಸ್ಟಮ್ ಆರ್ಡರ್ ಅಂದ್ರೆ ಅರ್ಧ ಅಡ್ವಾನ್ಸ್. ಆಕೆಯ ಸೀರೆ ಅಂಚಿನ ಬಣ್ಣಕ್ಕೆ ಮಾಡಿದ ಸೆಟ್ ಬೇರೆಯವರಿಗೆ ಹೋಗಲ್ಲ. ಬಣ್ಣ ಬದಲಾವಣೆ ದಾರ ಸುತ್ತೋ ಮುಂಚೆ ಮಾತ್ರ. ಇಂಟರ್ನಲ್ಸ್ ವಾರದಲ್ಲಿ ಡೆಲಿವರಿ ಡೇಟ್ ಕೊಡಬೇಡಿ, ಯಾಕಂದ್ರೆ ನೀವು ರಾತ್ರಿ ಎರಡು ಗಂಟೆ ತನಕ ಕೂತಿದ್ದು ಸ್ಟೋರಿಯಲ್ಲಿ ಚೆನ್ನಾಗಿ ಕಾಣುತ್ತೆ, ಮಾರ್ಕ್ಸ್ ಕಾರ್ಡ್‌ನಲ್ಲಿ ಕಾಣಲ್ಲ. "ಫ್ರೀಯಾಗಿ ಕಳಿಸಿ, ಟ್ಯಾಗ್ ಮಾಡ್ತೀವಿ" ಅಂತ ಬಂದ್ರೆ ಆ 195 ರೂಪಾಯಿಯನ್ನ ಜಾಹೀರಾತು ಖರ್ಚು ಅಂತ ಬರೆದು, ಅದು ವಾಪಸ್ ಬರುತ್ತಾ ಅಂತ ಯೋಚನೆ ಮಾಡಿ ಹೂಂ ಅನ್ನಿ ಅಥವಾ ಉಹೂಂ ಅನ್ನಿ.

ಪೂರ್ತಿ ಬೆಲೆ ಕೇಳೋರಿಗೆ ಜವಾಬ್ದಾರಿನೂ ಪೂರ್ತಿ ಇರುತ್ತೆ. ಹೋಲ್‌ಸೇಲ್ ಅಂಗಡಿಯಿಂದ ಡಜನ್ ಲೆಕ್ಕದಲ್ಲಿ ತಂದಿದ್ದನ್ನ "ಹ್ಯಾಂಡ್‌ಮೇಡ್" ಅಂತ ಹಾಕೋದು ಸುಳ್ಳು. ತಂದು ಮಾರೋದು ತಪ್ಪೇನಲ್ಲ, ಅದೂ ವ್ಯಾಪಾರವೇ, ಆದ್ರೆ ಹಾಗಂತ ಬರೀರಿ. ಕಿವಿ ಕಡ್ಡಿ ಯಾವ ಲೋಹ ಅಂತ ತಿಳ್ಕೊಂಡು ಹೇಳಿ, ನಿಕಲ್‌ಗೆ ಕಿವಿ ಕೆರೆತ ಬರೋರು ಇದ್ದಾರೆ. ಸಿಲ್ಕ್ ಥ್ರೆಡ್ ನೀರಿಗೆ ಆಗಲ್ಲ ಅಂತ ಮೊದಲೇ ತಿಳಿಸಿ. ಮಣಿ ಉದುರಿದ್ರೆ ಕಟ್ಟಿಕೊಡಿ. ಮೆಷಿನ್‌ನಲ್ಲಿ ಮಾಡಿದ 60 ರೂಪಾಯಿ ಜುಮ್ಕಿ ಬೆಲೆಗೆ ನಾವು ಯಾವತ್ತೂ ಇಳಿಯೋಕಾಗಲ್ಲ. ಬ್ಲೌಸ್ ಬಣ್ಣಕ್ಕೆ ಸರಿಯಾಗಿ ಮಾಡಿಕೊಡೋದು, ಕಳೆದುಹೋದ ಒಂದು ಕಿವಿಯದ್ದನ್ನ ಮಾತ್ರ ಮತ್ತೆ ಮಾಡಿಕೊಡೋದು, ಇವು ನಮ್ಮ ಕೈಲಿರೋ ಕೆಲಸ. ಜನ ದುಡ್ಡು ಕೊಡೋದೂ ಇದಕ್ಕೇ.

6/6

ಕೊನೇ ಮಾತು. ಹತ್ತಿಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ತಗೊಳ್ಳಿ. ಎಡಗಡೆ ಖರ್ಚು, ಬಲಗಡೆ ಬಂದಿದ್ದು, ಕೆಳಗೆ ಆ ದಿನ ಎಷ್ಟು ನಿಮಿಷ ಕೂತಿರಿ ಅನ್ನೋದು. ಮೊಬೈಲ್‌ನಲ್ಲಿ ಟೈಮರ್ ಹಾಕಿ, ಅಂದಾಜು ಬೇಡ.

"ಜಿಎಸ್‌ಟಿ ಬರುತ್ತಾ?" ಅಂತ ತುಂಬಾ ಜನ ಕೇಳ್ತೀರಿ. ರಾಜ್ಯದ ಒಳಗೆ ಬರೀ ವಸ್ತು ಮಾರೋರಿಗೆ ವರ್ಷದ ವಹಿವಾಟು 40 ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯ ಅಲ್ಲ. ಹೊರರಾಜ್ಯಕ್ಕೆ ಕಳಿಸೋದಾದ್ರೆ ನಿಯಮ ಬೇರೆ, ಮೊದಲು ವಿಚಾರಿಸಿ. ಯುಪಿಐನಲ್ಲಿ ಬಂದಿದ್ದು ಯಾವುದು ಆರ್ಡರ್ ದುಡ್ಡು, ಯಾವುದು ಫ್ರೆಂಡ್ ತಿಂಡಿಗೆ ಕೊಟ್ಟಿದ್ದು ಅಂತ ಬೇರೆ ಬೇರೆ ಬರೆದಿಡಿ. 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ಅಂಗಡಿಯವರಿಗೆ ಯುಪಿಐ ಲೆಕ್ಕದ ಮೇಲೆ ತೆರಿಗೆ ನೋಟಿಸ್ ಬಂದಾಗ ಎಷ್ಟು ಗಾಬರಿ ಆಯ್ತು ಅಂತ ಎಲ್ಲರೂ ನೋಡಿದ್ದೀವಿ. ನಮ್ಮ ವ್ಯಾಪಾರ ಅಷ್ಟು ದೊಡ್ಡದಲ್ಲ, ಆದ್ರೆ ಅಭ್ಯಾಸ ಈಗಲೇ ಆಗ್ಲಿ.

ಒಂದು ತಿಂಗಳು ಹೀಗೆ ಬರೆದು ನೋಡಿ. ಗಂಟೆಗೆ ಎಷ್ಟು ಬಿತ್ತು ಅಂತ ಗೊತ್ತಾದ ಮೇಲೂ 120ಕ್ಕೇ ಕೊಡ್ಬೇಕು ಅನ್ಸಿದ್ರೆ ಕೊಡಿ, ಆಗ ಅದು ನೀವು ತಿಳಿದು ಕೊಟ್ಟ ಉಡುಗೊರೆ. ಬಿಲ್‌ನಲ್ಲಿ ಮಾತ್ರ 220 ಬರೆದು, 100 ಕಳೆದು ತೋರಿಸಿ. ಬೆಲೆ ಎಷ್ಟು ಅಂತ ನಿಮ್ಮ ಫ್ರೆಂಡ್‌ಗೂ ಗೊತ್ತಿರಲಿ, ಪಕ್ಕದ ಬೀದಿ ಆಂಟಿಯ ರೇಟೂ ಉಳೀಲಿ.

ಮಾಡೋರು: ನಿಮ್ಮ ಒಂದು ಐಟಂನ ಲೆಕ್ಕ ಕಾಮೆಂಟ್‌ನಲ್ಲಿ ಹಾಕಿ. ಸಾಮಗ್ರಿ ಎಷ್ಟು, ನಿಮಿಷ ಎಷ್ಟು, ಬೆಲೆ ಎಷ್ಟು. ಒಟ್ಟಿಗೆ ಕೂತು ನೋಡೋಣ.
ಕೊಳ್ಳೋರು: ಮುಂದಿನ ಸಲ "ಫ್ರೆಂಡ್ ರೇಟ್ ಎಷ್ಟು?" ಬದಲು "ಇದಕ್ಕೆ ಎಷ್ಟು ಹೊತ್ತು ಹಿಡೀತು?" ಅಂತ ಕೇಳಿ ನೋಡಿ.

#ಕೈಕೆಲಸ #ಸಿಲ್ಕ್‌ಥ್ರೆಡ್‌ಜುಮ್ಕಿ #ಗಂಟೆಲೆಕ್ಕ #ಬಿಕಾಂಬದುಕು #ಕನ್ನಡಕ್ಯಾಪ್ಶನ್